ಪಾಲೆಟ್ ವರ್ನನ್ ಎಂಬ ಹಾಡುಗಾರ್ತಿ

ನನ್ನನ್ನು ಒಳ್ಳೆಯ ಹೆಂಗಸು ಎನ್ನುವವರು ನೆಲ್ಸನ್ ಊರಿನಲ್ಲಿ ಇನ್ನೂ ಹನ್ನೊಂದು ಜನ ಇದ್ದಾರೆ. ಎಲ್ಲರೂ ಎಪ್ಪತ್ತರ ಆಚೀಚೆಯವರು. ನಾಲ್ವರಿಗೆ ಮಂಡಿ ಬದಲಾಯಿಸಿದ್ದಾರೆ, ಒಬ್ಬನಿಗೆ ಸೊಂಟ. ಇವರ ಬಾಯಲ್ಲಿ ನಾನು ದೇವತೆ, ಸತ್ತ ಗಂಡನ ಮಾನ ಉಳಿಸಿದ ಹೆಂಡತಿ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅವರ ಮುಂದೆ ಬಾಯಿ ಬಿಡಲಾರೆ, ಇಲ್ಲಾದರೂ ಹೇಳಿಬಿಡುತ್ತೇನೆ.

ಪ್ರತಿ ತಿಂಗಳ ಮೂರನೆಯ ಭಾನುವಾರ ನೇಕಾರರ ಕ್ಲಬ್ಬಿನ ಮಹಡಿಯಲ್ಲಿ ನಮ್ಮ ಸೋಲ್ ಸಂಗೀತದ ಕುಣಿತ ನಡೆಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಶುರು, ಆರಕ್ಕೆ ಮುಕ್ತಾಯ. ವಯಸ್ಸಿನಲ್ಲಿ ರಾತ್ರಿಯಿಡೀ ಕುಣಿದು ಬೆಳಿಗ್ಗೆ ನೆಟ್ಟಗೆ ಗಿರಣಿಗೆ ಹೋಗುತ್ತಿದ್ದ ನಾವು ಕೊನೆಕೊನೆಗೆ ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಿತ್ತು. ಹಾಡುಗಳು ಮಾತ್ರ ಅವೇ. ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಜನ ಹಾಡಿದ್ದು, ಅಲ್ಲಿ ಯಾರೂ ಕೊಳ್ಳದೆ ಗೋದಾಮಿನಲ್ಲಿ ಧೂಳು ತಿಂದದ್ದು. ಇಲ್ಲಿ ನಾವು ಅವನ್ನು ಎದೆಗೆ ಅವುಚಿಕೊಂಡೆವು. ನೆಲಕ್ಕೆ ಪೌಡರ್ ಉದುರಿಸಿ, ಬೂಟು ಜಾರಿಸಿ ಜಾರಿಸಿ ಕುಣಿದೆವು. ಈಚೆಗೆ ಹಾಲ್‌ಗಿಂತ ಹೆಚ್ಚಾಗಿ ಸ್ಮಶಾನದಲ್ಲಿ ಭೇಟಿಯಾಗುತ್ತೇವೆ. ಒಂದು ಕಾಲಕ್ಕೆ ಮುನ್ನೂರು ಜನ ಬರುತ್ತಿದ್ದ ಕಡೆ ನಲವತ್ತು ಜನ ಬಂದರೆ ಹೆಚ್ಚು.

ಹೋದ ವರ್ಷ ಕ್ಲಬ್ಬಿನ ಕಾರ್ಯದರ್ಶಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ:

"ಪೌಲೀನ್, ಬೇಜಾರು ಮಾಡ್ಕೋಬೇಡ. ಅರವತ್ತು ತಲೆ ಬರಲಿಲ್ಲ ಅಂದ್ರೆ ಡಿಸೆಂಬರ್ ಆದ್ಮೇಲೆ ಹಾಲ್ ಬೇರೆಯವರಿಗೆ ಕೊಡ್ತೀವಿ. ಮಕ್ಕಳ ಜಿಮ್ನಾಸ್ಟಿಕ್ಸ್‌ನವರು ಕೇಳ್ತಿದಾರೆ."

"ಕೊಡ್ರಪ್ಪ ಕೊಡ್ರಿ. ನಾವೆಲ್ಲ ಸತ್ತ ಮೇಲೆ ಕೊಡ್ರಿ" ಎಂದು ಬೈದು ಬಂದೆ. ಬೈದೆನೇ ಹೊರತು ನನಗೂ ಗೊತ್ತಿತ್ತು. ನನ್ನ ಗಂಡ ಕ್ಲಿಫ್ ಮೂರು ವರ್ಷದ ಹಿಂದೆ ಹೋದ. ಐವತ್ತು ವರ್ಷ ಅವನು ನಡೆಸಿದ ಕುಣಿತ ಇದು. ನಾನು ಕಣ್ಣು ಮುಚ್ಚುವ ಮೊದಲು ಇದನ್ನು ಯಾರಾದರೂ ಎಳೆಯರ ಕೈಗಿಟ್ಟು ಹೋಗಬೇಕು, ಅದೊಂದೇ ನನ್ನ ಆಸೆಯಾಗಿತ್ತು.

ಅಷ್ಟರಲ್ಲಿ ಬ್ರಯನಿ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ವೃದ್ಧಾಶ್ರಮದಲ್ಲಿ ಕೆಲಸ. ಅಲ್ಲಿದ್ದ ನಮ್ಮ ಹಳೆಯ ಕುಣಿತಗಾರನೊಬ್ಬ ಗಾಲಿಕುರ್ಚಿಯಲ್ಲಿ ಕೂತೇ ಇವಳಿಗೆ ಹೆಜ್ಜೆ ಹೇಳಿಕೊಟ್ಟಿದ್ದನಂತೆ. ಅವನು ತೀರಿಕೊಂಡ ಮೇಲೆ ಅವನು ಕುಣಿತಕ್ಕೆ ತರುತ್ತಿದ್ದ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ವಾರವೆಲ್ಲ ಮುದುಕರ ಜೊತೆ ಇರ್ತೀಯಲ್ಲೇ, ಭಾನುವಾರವೂ ಬೇಕಾ ನಿನಗೆ?" ಎಂದೆ.

"ಅಲ್ಲಿನವರು ಏಳೂವರೆಗೆ ಮಲಗ್ತಾರೆ. ನೀವು ಪರವಾಗಿಲ್ಲ, ಆರರ ತನಕ ಎದ್ದಿರ್ತೀರಿ" ಎಂದಳು. ಮೊದಲ ದಿನವೇ ಅವಳು ನನಗೆ ಹಿಡಿಸಿಬಿಟ್ಟಳು.

ಅವಳಿಗೆ ಕುಣಿದರೆ ಸಾಲದು, ಗ್ರಾಮಫೋನ್ ತಟ್ಟೆ ಹಾಕಬೇಕು, ಡಿಜೆ ಆಗಬೇಕು. ಅಲ್ಲಿ ಅಡ್ಡ ಬಂದವನು ಕೆನ್ ಗ್ರಿಮ್ಶಾ. ಕ್ಲಿಫ್‌ನ ಜೀವದ ಗೆಳೆಯ, ಆಗ ನಮ್ಮ ಮುಖ್ಯ ಡಿಜೆ, ಮೂಗಿನ ತುದಿಯಲ್ಲೇ ಕೋಪ. ನಮ್ಮ ವೇದಿಕೆಯ ಮೇಲೆ ಕ್ಲಿಫ್ ಕೈಯಾರೆ ಬರೆದ ಹಲಗೆ ಇತ್ತು: 'ಇಲ್ಲಿ ಅಸಲಿ ಮಾತ್ರ.' ಅಂದಿನ ಕಾಲದಲ್ಲಿ, ಅಂದಿನ ಕಂಪನಿಯೇ ಅಚ್ಚು ಹಾಕಿದ ತಟ್ಟೆ ಅಸಲಿ. ಆಮೇಲೆ ಯಾರೋ ಕದ್ದು ಮಾಡಿದ್ದು ನಕಲಿ. ನಕಲಿ ಹಾಕಿ ಸಿಕ್ಕಿಬಿದ್ದವನನ್ನು ನಮ್ಮಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ.

"ಈಗಿನ ಹುಡುಗರಿಗೆ ಅಸಲಿ ಗೊತ್ತಾ, ನಕಲಿ ಗೊತ್ತಾ? ಫೋನ್ ಒತ್ತಿದ್ರೆ ಹಾಡು ಬರುತ್ತೆ ಅಂದ್ಕೊಂಡಿದಾರೆ" ಎಂದ ಕೆನ್.

"ನೀನು ಹುಟ್ತಾನೇ ತಟ್ಟೆ ಹಿಡ್ಕೊಂಡು ಹುಟ್ಟಿದ್ಯೇನೋ? ಅರ್ಧ ಗಂಟೆ ಕೊಡು ಅವಳಿಗೆ. ಆಗಲ್ಲ ಅಂದ್ರೆ ನಾಳೆಯಿಂದ ಚಹಾನೂ ನೀನೇ ಮಾಡ್ಕೋ, ಬಾಗಿಲೂ ನೀನೇ ಕಾಯಿ."

ಚಹಾದ ಮಾತು ಬಂದ ಮೇಲೆ ಒಪ್ಪಿದ. ಬ್ರಯನಿ ಮೂರು ತಿಂಗಳು ಅರ್ಧರ್ಧ ಗಂಟೆ ಹಾಕಿದಳು. ಹಾಕಿದ್ದೆಲ್ಲ ಅಸಲಿ. ಸಂಬಳ ಕೂಡಿಸಿ ಒಂದೊಂದೇ ಕೊಂಡದ್ದು. ಅವಳ ಹಿಂದೆ ಅವಳ ಗೆಳೆಯ ಗೆಳತಿಯರು ಬಂದರು, ಆಮೇಲೆ ಅವರ ಗೆಳೆಯರು. ಸೆಪ್ಟೆಂಬರ್‌ನಲ್ಲಿ ಬಾಗಿಲಲ್ಲಿ ಕೂತು ಎಣಿಸಿದೆ, ಅರವತ್ತಮೂರು ತಲೆ. ಎರಡು ಸಲ ಎಣಿಸಿದೆ. ಆ ಸಂಜೆ ಮನೆಗೆ ಬಂದು ಕ್ಲಿಫ್‌ನ ಫೋಟೋದ ಮುಂದೆ ನಿಂತು, "ನೋಡಿದ್ಯಾ ಮಾರಾಯ, ಉಳೀತು ಕಣೋ" ಎಂದು ಅತ್ತೇಬಿಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಡಿಜೆಗಳಲ್ಲಿ ಚೀಟಿ ಮುಚ್ಚುವ ಪದ್ಧತಿ ಇತ್ತು. ಬೇರೆ ಯಾರ ಹತ್ತಿರವೂ ಇಲ್ಲದ ಹಾಡು ಸಿಕ್ಕರೆ, ತಟ್ಟೆಯ ನಡುವಿನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ಪಕ್ಕದೂರಿನ ಡಿಜೆ ಇಣುಕಿ ನೋಡಿದರೂ ಏನೂ ಸಿಗಬಾರದು, ಅದಕ್ಕೆ. ಒಬ್ಬ ಮುಚ್ಚಿದ್ದನ್ನು ಅವನಾಗಿ ತೆರೆಯಬೇಕು. ಬೇರೆಯವನು ಅವನದೇ ಹಾಲ್‌ನಲ್ಲಿ ಎಲ್ಲರ ಮುಂದೆ ಅಸಲು ಹೆಸರು ಕೂಗಿದರೆ ಅದು ಕೆನ್ನೆಗೆ ಹೊಡೆದಂತೆ. ಇದನ್ನು ಎಲ್ಲೂ ಬರೆದಿಟ್ಟಿಲ್ಲ. ನಮಗೆಲ್ಲ ಗೊತ್ತು, ಅಷ್ಟೇ.

ಕ್ಲಿಫ್‌ನ ಹತ್ತಿರ ಅಂಥದೊಂದು ತಟ್ಟೆ ಇತ್ತು. ಎಪ್ಪತ್ತಾರರಲ್ಲಿ, ಮದುವೆಗೆ ಎರಡು ತಿಂಗಳ ಮುಂಚೆ, ತನ್ನ ಮೋಟರ್‌ಸೈಕಲ್ ಮಾರಿ ಅದನ್ನು ಕೊಂಡ. ಕೊಂಡ ವಾರದಲ್ಲೇ ಕಾಗದ ಅಂಟಿಸಿ ಬರೆದ ಹೆಸರು: ಪಾಲೆಟ್ ವರ್ನನ್. ನನ್ನ ತವರಿನ ಹೆಸರು ವರ್ನನ್. ನಾನು ಪೌಲೀನ್, ಅವಳು ಪಾಲೆಟ್. ಹಾಡುವವಳ ಗಂಟಲು ಎಂಥದು ಅಂದರೆ, ಮೊದಲ ಸಾಲಿಗೇ ಹಾಲ್ ಎದ್ದು ನಿಲ್ಲುತ್ತಿತ್ತು. ಸುತ್ತ ಹತ್ತೂರಿನಲ್ಲಿ ಅದು ಪಾಲೆಟ್ ವರ್ನನ್ ಹಾಡು. ನನ್ನನ್ನು ಕಂಡರೆ ಜನ, "ಏನ್ ಪಾಲೆಟ್, ಇವತ್ತು ಹಾಡ್ತೀಯಾ?" ಎಂದು ರೇಗಿಸುತ್ತಿದ್ದರು. ನೂಲಿನ ಗಿರಣಿಯಲ್ಲಿ ಅರ್ಧ ಕಿವಿ ಕಳೆದುಕೊಂಡ ಹುಡುಗಿ ನಾನು, ನನಗೆ ಹಾಡಲು ಬರುವುದಿಲ್ಲ. ಆದರೂ ನಲವತ್ತೆಂಟು ವರ್ಷ ಆ ದನಿ ನನ್ನದೇ ಅನಿಸಿತ್ತು. ಅವನು ಸತ್ತ ಮೇಲೂ ಅವನ ಹಾಡು ನನಗೆ ಅದೇ. ಕೆನ್ ಅದನ್ನು ಪ್ರತಿ ಸಲ ಕೊನೆಗೆ ಹಾಕುತ್ತಿದ್ದ, ಮುಗಿಯುವ ಸ್ವಲ್ಪ ಮೊದಲು ತಟ್ಟೆಯ ಮೇಲಿನ ಮುಳ್ಳು ಎತ್ತುತ್ತಿದ್ದ. ಕ್ಲಿಫ್ ಹಾಗೇ ಕಲಿಸಿದ್ದ, ಅವನ ಕಾಗದ ಬೇರೆಯವರದಕ್ಕಿಂತ ಅಗಲವಾಗಿತ್ತು, ಮುಳ್ಳು ತಗಲಿದರೆ ಹರಿಯುತ್ತಿತ್ತು.

ಅಕ್ಟೋಬರ್‌ನ ಭಾನುವಾರ ಕ್ಲಿಫ್ ಹೋಗಿ ಮೂರು ವರ್ಷ ತುಂಬಿದ ದಿನ. ನಮ್ಮ ಹಳೆಯ ಕುಣಿತಗಾರ್ತಿ ಮ್ಯಾವಿಸ್ ಆಲೂಗಡ್ಡೆ ಮಾಂಸದ ಕಡುಬು ತಂದಿದ್ದಳು. ಎಪ್ಪತ್ತು ಜನ ಇದ್ದರು. ನಾಲ್ಕೂವರೆಗೆ ಬ್ರಯನಿಯ ಸರದಿ. ಅವಳು ಮೇಜಿನ ಅಂಚಿಗೆ ತನ್ನ ಫೋನು ನಿಲ್ಲಿಸಿ, ಕುಣಿತ ಚಿತ್ರವಾಗುವ ಹಾಗೆ ಇಟ್ಟಳು. ಮೈಕು ಹಿಡಿದಳು.

"ಇದು ಕ್ಲಿಫ್ ಅವರಿಗೋಸ್ಕರ, ಪೌಲೀನ್ ಅವರಿಗೋಸ್ಕರ. ನಾನು ಎರಡು ತಿಂಗಳು ಹುಡುಕಿದೆ. ಡೆಟ್ರಾಯಿಟ್‌ನಿಂದ ತರಿಸಿದೀನಿ. ಇಷ್ಟು ವರ್ಷ ನೀವೆಲ್ಲ ಪಾಲೆಟ್ ವರ್ನನ್ ಅಂತ ಕರೀತಿದ್ರಲ್ಲ, ಅವರ ನಿಜವಾದ ಹೆಸರು ಲುವೆನಿಯಾ ಟಿಬ್ಸ್. ಅವರು ಇನ್ನೂ..."

ಇನ್ನೂ ಏನು ಎನ್ನುವುದು ಯಾರಿಗೂ ಕೇಳಲಿಲ್ಲ. ಅವಳು ಮುಳ್ಳು ಇಟ್ಟಾಗಿತ್ತು, ಹಾಡು ಶುರುವಾಗಿತ್ತು. ಎಳೆಯರು "ಹೋ" ಎಂದು ನೆಲಕ್ಕೆ ನುಗ್ಗಿದರು. ನಮ್ಮವರು ಮಾತ್ರ ನಿಂತಲ್ಲೇ ನಿಂತರು. ಕೆನ್ ಕೈಕಟ್ಟಿ ಬೆನ್ನು ತಿರುಗಿಸಿದ. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು.

ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ಅವರು ಬೆನ್ನು ತಿರುಗಿಸಿದರು, ಅಷ್ಟೇ. ಬೆನ್ನು ತಿರುಗಿಸಿದವರೆಲ್ಲ ನನ್ನ ಕಡೆ ನೋಡುತ್ತಿದ್ದರು, ನಾನೊಬ್ಬಳು ನೆಲಕ್ಕಿಳಿದು ಎರಡು ಹೆಜ್ಜೆ ಹಾಕಿದ್ದರೆ ಎಲ್ಲರೂ ಇಳಿಯುತ್ತಿದ್ದರು. ಹಾಗಂತ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಆದರೆ ಆ ಇನ್ನೊಂದು ಹೆಸರು ಕಿವಿಗೆ ಬಿದ್ದಾಗಿತ್ತು. ಯಾರವಳು? ಆ ಹಾಡು ನನ್ನದು, ನನ್ನ ಗಂಡ ನನಗೆ ಇಟ್ಟ ಹೆಸರು. ವೇದಿಕೆ ಹತ್ತಿದೆ, ಮುಳ್ಳಿನ ಕೈ ಹಿಡಿದು ಎತ್ತಿಬಿಟ್ಟೆ.

ಹಾಡು ಅರ್ಧಕ್ಕೇ ನಿಂತಿತು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ನಮ್ಮವರೆಲ್ಲ ತಟ್ಟಿದರು, ನನಗೆ.

"ಪೌಲೀನ್, ಏನಾಯ್ತು? ನಾನೇನು ಮಾಡಿದೆ?" ಎಂದಳು ಬ್ರಯನಿ. ಮುಖ ಕೆಂಪಗಾಗಿತ್ತು.

"ಮಾಡಿದ್ದು ಸಾಕು. ಇಳಿ ಕೆಳಗೆ."

ಅವಳು ಇಳಿದಳು. ಅವಸರದಲ್ಲಿ ತಟ್ಟೆಗಳ ಡಬ್ಬಿ ಮುಚ್ಚಿ, ಫೋನು ಎತ್ತಿಕೊಂಡು ಹೋದಳು. ಆ ಫೋನು ಅಷ್ಟು ಹೊತ್ತೂ ಚಿತ್ರ ಹಿಡಿಯುತ್ತಲೇ ಇತ್ತು. ಅವಳ ಹಿಂದೆ ಇಪ್ಪತ್ತೆಂಟು ಎಳೆಯರು ಮೆಟ್ಟಿಲಿಳಿದರು. ಡಿಜೆ ಮೇಜಿನ ಮೇಲೆ ಅವಳ ತಟ್ಟೆ ಹಾಗೇ ಉಳಿದಿತ್ತು.

ಕೆನ್ ಅದನ್ನು ಕ್ಲಿಫ್‌ನ ತಟ್ಟೆಯ ಜೊತೆಗೇ ನನ್ನ ಚೀಲಕ್ಕೆ ಹಾಕಿದ. "ಮನೆಗೆ ಹೋಗಿ ಎರಡನ್ನೂ ಇಟ್ಟು ನೋಡು. ಬರ್ಕೊಡ್ತೀನಿ ಬೇಕಾದ್ರೆ, ಅವಳದು ನಕಲಿ. ಕ್ಲಿಫ್‌ನದು ಬಿಟ್ರೆ ಈ ದೇಶದಲ್ಲಿ ಇನ್ನೊಂದು ಅಸಲಿ ಇಲ್ಲ. ಅದನ್ನ ಎಲ್ಲರಿಗೂ ತಿಳಿಸಬೇಕು. ಬೇರೆ ಊರವರಾದ್ರೂ ಹುಷಾರಾಗಲಿ."

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಇಟ್ಟೆ. ಅಸಲಿ ನಕಲಿ ನೋಡುವುದು ಕ್ಲಿಫ್ ನನಗೆ ಮದುವೆಯ ಮೊದಲೇ ಹೇಳಿಕೊಟ್ಟಿದ್ದ. ಹಾಡಿನ ಕೊನೆಯ ಗೆರೆಗೂ ನಡುವಿನ ಕಾಗದಕ್ಕೂ ಮಧ್ಯೆ ನುಣ್ಣನೆಯ ಜಾಗ ಇರುತ್ತದೆ. ಅಸಲಿಯಾದರೆ ಅಲ್ಲಿ ಕಾರ್ಖಾನೆಯ ಅಚ್ಚು ಒತ್ತಿರುತ್ತದೆ. ನಕಲಿಯಾದರೆ ಯಾರೋ ಮೊಳೆಯಿಂದ ಗೀಚಿದ ಅಂಕಿ. ಬ್ರಯನಿಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಚ್ಚು ಇತ್ತು, ಸಣ್ಣದು, ಸ್ಪಷ್ಟ.

ಇರಲಿ, ಅವಳದೂ ಅಸಲಿ, ಇವನದೂ ಅಸಲಿ ಅಂದುಕೊಂಡೆ. ಆದರೆ ಕ್ಲಿಫ್‌ನದರಲ್ಲಿ ಆ ಜಾಗ ಕಾಣುತ್ತಿರಲಿಲ್ಲ. ಅವನ ಅಗಲದ ಕಾಗದ ಅದನ್ನೂ ಮುಚ್ಚಿತ್ತು. ಕೆಟಲ್ ಇಟ್ಟು, ಆವಿ ಹಿಡಿದು, ಬೆಣ್ಣೆ ಸವರುವ ಚಾಕುವಿನಿಂದ ಮೆಲ್ಲಗೆ ಬಿಡಿಸಿದೆ. ಕಾಗದ ಹರಿಯದೆ ಬಂತು, ಅವನ ಅಕ್ಷರವೂ ಕದಡಲಿಲ್ಲ. ಕೆಳಗೆ ಲುವೆನಿಯಾ ಟಿಬ್ಸ್ ಎಂದು ಅಚ್ಚಾಗಿತ್ತು, ಮಸುಕು ಬಣ್ಣದಲ್ಲಿ, ಹೆಸರಿನ ಒಂದಕ್ಷರ ತಪ್ಪಾಗಿ. ಅದರ ಸುತ್ತ ನುಣ್ಣನೆಯ ಜಾಗದಲ್ಲಿ ಮೊಳೆಯಿಂದ ಗೀಚಿದ ಅಂಕಿ, ಸೊಟ್ಟಗೆ.

ಕೆಟಲ್ ಕುದಿಯುತ್ತಲೇ ಇತ್ತು, ಆರಿಸಲು ಏಳಲಾಗಲಿಲ್ಲ.

ಕ್ಲಿಫ್ ಮೋಸ ಹೋಗಿದ್ದ. ಮೋಟರ್‌ಸೈಕಲ್ ಮಾರಿ ನಕಲಿ ಕೊಂಡಿದ್ದ, ಮನೆಗೆ ಬಂದ ಮೇಲೆ ಗೊತ್ತಾಗಿರಬೇಕು. ನಾಚಿಕೆಯಿಂದ ಮುಚ್ಚಿದ. ಎಲ್ಲರೂ ಗುಟ್ಟು ಕಾಯಲು ಚೀಟಿ ಅಂಟಿಸಿದರೆ ಇವನು ಅವಮಾನ ಮುಚ್ಚಲು ಅಂಟಿಸಿದ, ಅದರ ಮೇಲೆ ನನ್ನ ಹೆಸರು ಬರೆದ. ನಲವತ್ತೈದು ವರ್ಷ ನನ್ನ ಪಕ್ಕದಲ್ಲಿ ಮಲಗಿದವನು ಒಂದು ಮಾತು ಹೇಳಲಿಲ್ಲ. ಆಮೇಲೆ 'ಇಲ್ಲಿ ಅಸಲಿ ಮಾತ್ರ' ಎಂದು ಹಲಗೆ ಬರೆದು ತೂಗುಹಾಕಿದ. ಅದೆಷ್ಟು ಜನರನ್ನು ನಕಲಿ ಹಾಕಿದರೆಂದು ಆ ವೇದಿಕೆಯಿಂದ ಇಳಿಸಿದ್ದನೋ! ಹಾಳಾದವನೇ, ನನಗಾದರೂ ಹೇಳಬಾರದಿತ್ತೇ? ನಾನು ನಕ್ಕುಬಿಡುತ್ತಿದ್ದೆ.

ಹನ್ನೊಂದಕ್ಕೆ ಫೋನು. ಕೆನ್.

"ನೋಡಿದ್ಯೇನೇ?"

"ನೋಡಿದೆ."

"ಮತ್ತೆ? ಹುಡುಗೀದು ನಕಲಿ ತಾನೇ?"

ನಿಜ ಹೇಳಿದ್ದರೆ ಹುಡುಗಿ ವಾಪಸ್ಸು ಬರುತ್ತಿದ್ದಳು. ಇಪ್ಪತ್ತೆಂಟು ಜನ ವಾಪಸ್ಸು ಬರುತ್ತಿದ್ದರು. ಹಾಲ್ ಉಳಿಯುತ್ತಿತ್ತು. ಕ್ಲಿಫ್ ಮಾತ್ರ ಇಡೀ ಜಿಲ್ಲೆಗೆ ನಗೆಪಾಟಲಾಗುತ್ತಿದ್ದ. ಫೋಟೋದಲ್ಲಿ ಅವನು ಎದೆಯ ಮೇಲೆ ನಮ್ಮ ಕುಣಿತದ ಬ್ಯಾಡ್ಜು ಹಾಕಿಕೊಂಡು ನಗುತ್ತಿದ್ದ.

"ಹೌದು ಕೆನ್" ಎಂದೆ. "ಹುಡುಗೀದು ನಕಲಿ."

"ನಾನು ಹೇಳಲಿಲ್ವಾ!" ಎಂದು ಫೋನು ಇಟ್ಟ. ಮಧ್ಯಾಹ್ನದೊಳಗೆ ಸುದ್ದಿ ಎಲ್ಲ ಊರಿಗೂ ಮುಟ್ಟಿತ್ತು. ಬ್ರಯನಿಗೆ ಬೇರೆ ಎರಡು ಕಡೆ ಕರೆ ಬಂದಿತ್ತಂತೆ, ಎರಡನ್ನೂ ರದ್ದು ಮಾಡಿದರು.

ಗುರುವಾರ ಅವಳೇ ಮನೆಗೆ ಬಂದಳು, ಕೆಲಸದ ನೀಲಿ ಬಟ್ಟೆಯಲ್ಲೇ. ಒಳಗೆ ಕರೆದೆ, ಬರಲಿಲ್ಲ. ಹೊಸ್ತಿಲ ಮೇಲೆ ನಿಂತೇ ಮಾತಾಡಿದಳು.

"ಮುಚ್ಚಿದ್ದನ್ನ ತೆರೀಬಾರದು ಅಂತ ನಂಗೆ ಗೊತ್ತಿರಲಿಲ್ಲ. ಯಾರಾದ್ರೂ ಹೇಳಿದ್ರೆ ಮಾಡ್ತಿರಲಿಲ್ಲ, ಪೌಲೀನ್. ನಿಮಗೆ ಖುಷಿ ಆಗುತ್ತೆ ಅಂದ್ಕೊಂಡೆ. ಆ ಹಾಡು ಹಾಡಿದವರು ಬದುಕಿದಾರೆ, ಗೊತ್ತಾ? ಎಪ್ಪತ್ತೆಂಟು ವರ್ಷ. ನಾನು ಅವರ ಮಗಳ ಹತ್ರ ಮಾತಾಡಿದೆ. ಆ ಹಾಡನ್ನ ಯಾರಾದ್ರೂ ಕೇಳಿದಾರೆ ಅಂತಲೇ ಅವರಿಗೆ ಗೊತ್ತಿಲ್ಲ. ಇಲ್ಲಿ ಜನ ಕುಣಿಯೋದನ್ನ ಚಿತ್ರ ಹಿಡಿದು ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಈಗ ಏನು ಕಳಿಸ್ಲಿ? ನೀವು ಬಂದು ಮುಳ್ಳು ಎತ್ತಿದ್ದು ಕಳಿಸ್ಲಾ?"

ನಾನು ಬಾಗಿಲನ್ನು ಇನ್ನಷ್ಟು ತೆರೆದು ಹಿಡಿದೆ.

"ನಾನು ಅವಸರದಲ್ಲಿ ತಟ್ಟೆ ಬಿಟ್ಟು ಹೋದೆ. ಅದನ್ನ ನಿಮಗೆ ಕೊಟ್ಟು ಕಳಿಸಿದ್ರಂತೆ. ನಕಲಿ ಅಂತಿದಾರೆ ಎಲ್ಲರೂ. ನೀವೇ ನೋಡಿ ಹೇಳಿದ್ರಂತೆ."

"ಹೂಂ."

"ನಿಜವಾಗ್ಲೂ ನೋಡಿದ್ರಾ?"

ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ವಾರವೆಲ್ಲ ಮುದುಕರನ್ನು ನೋಡಿಕೊಳ್ಳುವವಳು, ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ನಾನು ತಲೆ ತಗ್ಗಿಸಿದೆ. ಅವಳಿಗೆ ತಿಳಿದುಹೋಯಿತು. ಏನು ತಿಳಿಯಿತೋ ಎಷ್ಟು ತಿಳಿಯಿತೋ, ನಾನು ಸುಳ್ಳಿ ಎನ್ನುವುದಂತೂ ತಿಳಿಯಿತು.

"ತಟ್ಟೆ ತಗೊಂಡು ಹೋಗು ಮಗಳೇ, ಒಳಗಿದೆ" ಎಂದೆ.

"ಬೇಡ, ಇಟ್ಕೊಳ್ಳಿ. ನಿಮಗೋಸ್ಕರ ತಂದಿದ್ದು."

ಗೇಟಿನ ತನಕ ಹೋಗಿ ಒಂದು ಸಲ ತಿರುಗಿದಳು. "ನಮ್ಮ ಹತ್ರ ನಿಮಗಿಂತ ಮುದುಕರು ಇದಾರೆ, ಪೌಲೀನ್. ಅವರು ಹೀಗೆ ಮಾಡಲ್ಲ" ಎಂದು ಹೋದಳು. ಅವಳ ಹಿಂದೆ ಓಡಿಹೋಗಿ ಕೈ ಹಿಡಿಯಬೇಕಿತ್ತು. ಬೀದಿಯ ಕೊನೆ ದಾಟುವ ತನಕ ನೋಡುತ್ತಾ ನಿಂತೆ.

ನವೆಂಬರ್‌ನಲ್ಲಿ ಮೂವತ್ತೊಂದು ತಲೆ. ಡಿಸೆಂಬರ್‌ನಲ್ಲಿ ಹಿಮ ಬಿದ್ದಿತ್ತು, ಬಂದವರು ಹನ್ನೊಂದು. ಅದೇ ಕೊನೆಯ ಕುಣಿತ ಎಂದು ಕಾರ್ಯದರ್ಶಿ ಮೊದಲೇ ತಿಳಿಸಿದ್ದ. ಜಿಮ್ನಾಸ್ಟಿಕ್ಸ್‌ನವರ ನೀಲಿ ಹಾಸುಗಳು ಆಗಲೇ ಗೋಡೆಗೆ ಒರಗಿದ್ದವು. ಮ್ಯಾವಿಸ್ ಹಲಗೆಯನ್ನು ಇಳಿಸಿ ಒರೆಸಿ ನನ್ನ ಕೈಗೆ ಕೊಟ್ಟಳು, ಮನೆಯಲ್ಲಿ ಕ್ಲಿಫ್‌ನ ಫೋಟೋ ಪಕ್ಕದಲ್ಲಿ ಹಾಕಿಕೋ ಎಂದು.

ಆರಕ್ಕೆ ಐದು ನಿಮಿಷ ಇರುವಾಗ ಕೆನ್ ಮೈಕಿನಲ್ಲಿ ಹೇಳಿದ: "ಕೊನೇ ಹಾಡು. ಪೌಲೀನ್ ಹಾಕಲಿ."

ಚೀಲದಿಂದ ತೆಗೆದು ಹಾಕಿದೆ. ಬಿಳಿ ಕಾಗದ, ಕ್ಲಿಫ್‌ನ ಅಕ್ಷರ, ಪಾಲೆಟ್ ವರ್ನನ್. ಆ ಕಾಗದವನ್ನು ಹಿಂದಿನ ದಿನ ನಾನೇ ಮೈದಾ ಅಂಟು ಕಾಯಿಸಿ ಅಂಟಿಸಿದ್ದೆ. ಅಂಟಿಸಿದ್ದು ಕ್ಲಿಫ್‌ನ ತಟ್ಟೆಗಲ್ಲ. ಅವನದು ಬೀರುವಿನಲ್ಲಿ ಅವನ ಕೋಟಿನ ಹಿಂದೆ ಇದೆ, ಎಸೆಯಲು ಕೈ ಬರಲಿಲ್ಲ. ಅಂಟಿಸಿದ್ದು ಬ್ರಯನಿಯ ಅಸಲಿಗೆ. ಕೊನೆಯ ದಿನವಾದರೂ ಆ ಹಾಲ್‌ನಲ್ಲಿ ಕ್ಲಿಫ್‌ನ ಹೆಸರಿನಲ್ಲಿ ಅಸಲಿ ಮೊಳಗಲಿ ಎಂದು ಆಸೆಪಟ್ಟೆ. ಎಂಥ ಆಸೆ ನನ್ನದು, ಥೂ.

ಹನ್ನೊಂದು ಜನ ಪೌಡರ್ ಉದುರಿಸಿ ಕುಣಿದರು. ಹೊಸ ಮಂಡಿಗಳು, ಹೊಸ ಸೊಂಟ, ಎಲ್ಲ ಕುಣಿದವು. ಡೆಟ್ರಾಯಿಟ್‌ನ ಆ ಹೆಂಗಸು ಇಪ್ಪತ್ತರ ಹುಡುಗಿಯಾಗಿ ಎದೆ ಬಿರಿಯುವ ಹಾಗೆ ಹಾಡುತ್ತಿದ್ದಳು. ಹಾಲ್‌ನಲ್ಲಿ ಅವಳ ಹೆಸರು ಬಲ್ಲವಳು ನಾನೊಬ್ಬಳೇ. ಚಿತ್ರ ಹಿಡಿಯಲು ಯಾರೂ ಇರಲಿಲ್ಲ.

ಕೆನ್ ಕಣ್ಣೊರೆಸಿಕೊಂಡು ನನ್ನ ಭುಜ ತಟ್ಟಿದ. "ಕೇಳಿಸ್ತಾ ವ್ಯತ್ಯಾಸ? ಆ ಹುಡುಗಿ ಹಾಕಿದ್ದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ! ಅಸಲಿ ಅಂದ್ರೆ ಇದು ಕಣೇ."

"ಹೌದು ಕೆನ್" ಎಂದೆ.

ಹಾಡು ಮುಗಿಯುವ ಸ್ವಲ್ಪ ಮೊದಲು ಮುಳ್ಳು ಎತ್ತಿದೆ. ಆಮೇಲೆ ಎಲ್ಲರೂ ಕೋಟು ಹಾಕಿಕೊಂಡೆವು, ಕೆಳಗಿಳಿದು ಹಾಲ್‌ನ ಬೀಗದ ಕೈ ಕಾರ್ಯದರ್ಶಿಗೆ ಕೊಟ್ಟೆ.